ದನಿ ಹೋಗುತ್ತದೆ ಎಂದಿದ್ದರು ಅಪ್ಪ

ಮಾರ್ಚ್ 3, ರಾತ್ರಿ

ಇವತ್ತೂ ಅದೇ ಗೋಳು. ನಾನು ಕೆಲಸಕ್ಕಿರುವ ಕನ್ನಡಕದಂಗಡಿಗೆ ಬಂದ ಅಜ್ಜಿ ಇದ್ದಬದ್ದ ಫ್ರೇಮ್‌ಗಳನ್ನೆಲ್ಲ ಮೂಗಿಗೇರಿಸಿ ನೋಡಿ, ಕೊನೆಗೆ ಮೊದಲನೆಯದನ್ನೇ ಆರಿಸಿದರು. "ನನ್ನ ಹಣೇಲಿ ಇದೇ ಬರೆದಿದ್ದು ಬಿಡಮ್ಮ." ಹಣೆಯಲ್ಲ ಅಜ್ಜಿ, ಮೂಗು — ಎನ್ನಲಿಲ್ಲ. ಗಿರಾಕಿ.

ಆಮೇಲೆ ನಮ್ಮ ಹವ್ಯಾಸಿ ನಾಟಕ ತಂಡದ ರಿಹರ್ಸಲ್. ಪಾತ್ರ ಸಿಕ್ಕಿತು! ದೂತನದು. ನಾಟಕ ತಂಡ ನಡೆಸುವ ರಿಟೈರ್ಡ್ ಮೇಷ್ಟ್ರೇ ಬರೆದದ್ದು, ಹಳೆಯ ಗ್ರೀಕ್ ರುದ್ರನಾಟಕಗಳ ಅಚ್ಚಿನಲ್ಲಿ. 'ನೀರೇ ನಿನ್ನ ಮಗನಿಗೆ ಮೃತ್ಯು' ಎಂದು ರಾಜನಿಗೆ ದೇವವಾಣಿ. ಹೆದರಿದ ರಾಜ ಬಾವಿಗಳನ್ನೆಲ್ಲ ಮುಚ್ಚಿಸುತ್ತಾನೆ. ಮಗ ನೀರಿಲ್ಲದೆ ಸಾಯುತ್ತಾನೆ. ಆ ಸುದ್ದಿ ತರುವವಳು ನಾನು. ನಾಲ್ಕೇ ಸಾಲು.

ಊಟಕ್ಕೆ ಕೂತಾಗ ಹೇಳಿದರೆ ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. "ಬೇಡ ಮಗಳೇ. ನಮ್ಮನೆಯೋರು ಸ್ಟೇಜ್ ಹತ್ತಿದ್ರೆ ದನಿ ಹೋಗುತ್ತೆ. ನಿಮ್ಮ ತಾತಂಗೂ ಹೋಯ್ತು, ನಂಗೂ ಹೋಯ್ತು. ನಿಂಗೂ ಹೋಗುತ್ತೆ, ಬರೆದಿಟ್ಕೋ."

ಇಗೋ, ಬರೆದಿಟ್ಟುಕೊಂಡೆ. ಅಪ್ಪ ಕಾಲೇಜಿನಲ್ಲಿ ಸೇನಾಪತಿಯಾಗಿ ನಿಂತು, ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಇಳಿದು ಬಂದವರು. ಆಮೇಲೆ ಸ್ಟೇಜಿನ ಕಡೆ ತಲೆ ಹಾಕಿಯೂ ಮಲಗಿಲ್ಲ.

ಮಾರ್ಚ್ 9

ಮೇಷ್ಟ್ರನ್ನು ಕೇಳಿದೆ — ಎಲ್ಲ ವಿಧಿಯೇ ಆದರೆ ರಾಜನದೇನು ತಪ್ಪು?

"ಬಾವಿ ಮುಚ್ಚು ಅಂತ ದೇವರು ಹೇಳಿದ್ನೇನಮ್ಮಾ? ಅದು ಇವನ ಬುದ್ಧಿ. ಗ್ರೀಕರ ನಾಟಕದಲ್ಲಿ ವಿಧಿ, ಮುಟ್ಟೋ ಊರು ಯಾವುದು ಅಂತಷ್ಟೇ ಹೇಳುತ್ತೆ. ದಾರಿ ಹಿಡಿಯೋನು ಮನುಷ್ಯನೇ."

"ಸುಮ್ನೆ ಕೂತಿದ್ರೆ?"

"ಸುಮ್ನೆ ಕೂತೋನ ಮೇಲೆ ಯಾರು ನಾಟಕ ಬರೀತಾರೆ?"

ನಾನಂತೂ ಕೂರುವವಳಲ್ಲ. ಅಪ್ಪನ ಭವಿಷ್ಯ ಸುಳ್ಳು ಮಾಡಲೇಬೇಕು. ಇನ್ನು ದಿನಾ ಗಟ್ಟಿಯಾಗಿ ಪ್ರಾಕ್ಟೀಸ್.

ಮಾರ್ಚ್ 14

ಬೆಳಿಗ್ಗೆ ಟೆರೇಸಿನಲ್ಲಿ, ಸಂಜೆ ಬಚ್ಚಲಲ್ಲಿ. ಅಂಗಡಿಯಲ್ಲಿ ಗಿರಾಕಿಯೊಬ್ಬರು ಅಕ್ಷರದ ಬೋರ್ಡ್ ಓದುತ್ತಿದ್ದಾಗ ನನಗೇ ತಿಳಿಯದೆ, "ಮಹಾರಾಜ, ಅನರ್ಥವಾಯಿತು!" ಎಂದುಬಿಟ್ಟೆ. ಪಾಪ, ಕಣ್ಣೇ ಹೋಯಿತೆಂದು ಎದೆ ಹಿಡಿದುಕೊಂಡರು. ಪಕ್ಕದ ಮನೆಯಾಕೆ "ಯಾರು ಹೋಗ್ಬಿಟ್ರು?" ಎಂದು ವಿಚಾರಿಸಲು ಬಂದಿದ್ದರು. ಅಪ್ಪ ಮಾತ್ರ ಪೇಪರ್ ಅಡ್ಡ ಹಿಡಿದು ಕೂತಿರುತ್ತಾರೆ. ಪುಟ ತಿರುಗಿಸುವುದಿಲ್ಲ.

ಮಾರ್ಚ್ 21, ಬೆಳಿಗ್ಗೆ

ದನಿ ಇಲ್ಲ.

ಅಮ್ಮನನ್ನು ಕರೆದೆ — ಬರೀ ಗಾಳಿ ಬಂತು. ನಾಳೆ ನಾಟಕ! ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು, "ಯಾರ ಮೇಲಮ್ಮ ಹೀಗೆ ಕಿರುಚಿದ್ದು?" ಎಂದರು. ದನಿ ಹೋಗಬಾರದೆಂದು ಕೂಗಿ ಕೂಗಿ ನಾನೇ ಕಳೆದುಕೊಂಡೆ. ಬಾವಿ ಮುಚ್ಚಿಸಿದ ರಾಜನನ್ನು ಕಂಡು ನಗುತ್ತಿದ್ದೆನಲ್ಲ... ಅಳು ಬಂತು. ನಗುವೂ ಬಂತು, ಅದಕ್ಕೂ ಸದ್ದಿಲ್ಲ.

ಮೇಷ್ಟ್ರ ಫೋನ್. "ಪಾತ್ರ ಬೇರೆಯವರಿಗೆ ಕೊಡ್ಲಾ? ನೀನೇ ಹೇಳು." ಹೇಳುವುದು ಹೇಗೆ! ಅಮ್ಮನ ಬಾಯಲ್ಲಿ ಹೇಳಿಸಿದೆ — ಬೇಡ, ನಾನೇ ಮಾಡುತ್ತೇನೆ.

ಮಾರ್ಚ್ 23

ನಿನ್ನೆ ಸ್ಟೇಜ್ ಹತ್ತಿದೆ. ಮುಂದಿನ ಸಾಲಿನಲ್ಲೇ ಅಪ್ಪ, ಕುರ್ಚಿಯ ಕೈ ಬಿಗಿ ಹಿಡಿದು. "ಏನು ಸುದ್ದಿ?" ಎಂದ ರಾಜ. ಕೂಗಬೇಕಿತ್ತು. ಹತ್ತಿರ ಹೋಗಿ ಪಿಸುಗುಟ್ಟಿದೆ. ಹಾಲ್‌ನಲ್ಲಿ ಕೆಮ್ಮು ನಿಂತಿತು. ಕೊನೆಯ ಸಾಲಿನವರೂ ಮುಂದಕ್ಕೆ ಬಾಗಿದರು. ಮಗ ಸತ್ತ ಸುದ್ದಿಯನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ರಾಜನಾಗಿದ್ದ ಬ್ಯಾಂಕ್ ಕ್ಯಾಷಿಯರ್ ನಿಜವಾಗಿಯೂ ಅತ್ತುಬಿಟ್ಟರು. ಎಂಥ ಖುಷಿ!

ಅಪ್ಪ ಹೊರಗೆ ಕಾದಿದ್ದರು. "ಹೇಳಿರ್ಲಿಲ್ವಾ, ದನಿ ಹೋಗುತ್ತೆ ಅಂತ?" ದುರುಗುಟ್ಟಿ ನೋಡಿದೆ. "ದನಿ ಅಂದೆ ಕಣೇ. ಮಾತು ಹೋಗುತ್ತೆ ಅಂದಿರ್ಲಿಲ್ಲ." ಕಣ್ಣೊರೆಸಿಕೊಂಡರು. "ನಂಗೂ ಅವತ್ತು ದನಿ ಅಷ್ಟೇ ಹೋಗಿದ್ದು. ಸ್ಟೇಜ್ ಇಳಿದು ಬಂದೆನಲ್ಲ... ಅದು ನಾನೇ ಮಾಡ್ಕೊಂಡಿದ್ದು."

ಮಾರ್ಚ್ 25, ಸಂಜೆ

ದನಿ ಅರ್ಧ ಬಂದಿದೆ. ಮುಂದಿನ ತಿಂಗಳು ಇನ್ನೊಂದು ಶೋ ಅಂತೆ. ಕಾವಲುಗಾರನ ಪಾತ್ರದವರಿಗೆ ಟ್ರಾನ್ಸ್‌ಫರ್, ಪಾತ್ರ ಖಾಲಿ ಇದೆ — ಊಟಕ್ಕೆ ಕೂತಾಗ ಸುಮ್ಮನೆ ಹೇಳಿದೆ, ಅಷ್ಟೇ. ಈಗ ಬಚ್ಚಲಿನಿಂದ ಅಪ್ಪನ ದನಿ, ಮನೆ ಹಾರಿಹೋಗುವಂತೆ: "ನಿಲ್ಲಿ ಮಹಾರಾಜ! ಬಾವಿ ಮುಚ್ಚಬೇಡಿ!" ಮತ್ತೆ. ಮತ್ತೆ. ಅಯ್ಯೋ, ಹೀಗೆ ಕೂಗಿದರೆ ಇವರ ಗಂಟಲೂ... ಎದ್ದು ಹೋಗಿ ಬಾಗಿಲು ತಟ್ಟಿ, ಮೆಲ್ಲಗೆ ಅಪ್ಪಾ ಎಂದು ಹೇಳಿಬರುತ್ತೇನೆ.