ಹಸಿರು ಬೋರ್ಡಿನ ಹತ್ತಿರ ನಿಂತವಳು ತಪ್ಪು ಮಾಡಲಿಲ್ಲ

ಪೆಟ್ರೋಲ್ ಬಂಕುಗಳ ತುರ್ತು ತೆರವು ಯೋಜನೆಗೆ ಮೊಹರು ಒತ್ತುವ ಜಿಲ್ಲೆಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ಜ್ಯೋತಿಲಕ್ಷ್ಮಿ ತಪ್ಪು ದಿಕ್ಕಿಗೆ ಓಡಲಿಲ್ಲ. ನಿಮ್ಮ ತನಿಖಾ ವರದಿಯ ಎರಡನೇ ಪುಟದಲ್ಲಿ, ‘ಮೃತ ಸಿಬ್ಬಂದಿಯು ಅನುಮೋದಿತ ತೆರವು ಮಾರ್ಗವನ್ನು ಅನುಸರಿಸದೆ ಅಪಾಯಕಾರಿ ಮೂಲೆಯತ್ತ ಓಡಿರುವುದು ಕಂಡುಬಂದಿದೆ’ ಎಂದು ಬರೆದಿದ್ದೀರಿ. ಯಾರಿಗೆ ಕಂಡುಬಂತು ಸ್ವಾಮಿ? ಬೆಂಕಿ ಬಿದ್ದ ದಿನ ಅಲ್ಲಿದ್ದವನು ನಾನು. ನೀವು ಬಂದದ್ದು ನಾಲ್ಕನೇ ದಿನ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಆ ಒಂದು ವಾಕ್ಯವನ್ನು ಅಳಿಸಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಎರಡು ಸಲವೂ ಬಂತು. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಗೌರಿಬಿದನೂರಿನಿಂದ ಮಂಚೇನಹಳ್ಳಿ ಕಡೆಗೆ ಹೋಗುವ ರಸ್ತೆಯ ಒಂದು ಬಂಕಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಸೂಪರ್‌ವೈಸರ್. ಜ್ಯೋತಿಲಕ್ಷ್ಮಿ ತೊಂಡೇಬಾವಿಯಿಂದ ಬಸ್ಸಿನಲ್ಲಿ ಬಂದು ಗಾಡಿಗಳಿಗೆ ಪೆಟ್ರೋಲ್ ಹಾಕುತ್ತಿದ್ದಳು. ನಮ್ಮಲ್ಲಿಗೆ ಸೇರುವ ಮೊದಲು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಇದ್ದವಳು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ನಮ್ಮ ಬಂಕಿನಲ್ಲಿ ಸರಿಯಾಗಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೂರು ತಿಂಗಳಿಗೊಮ್ಮೆ ಅಣಕು ಕವಾಯತು ಮಾಡಿ ನಿಮಗೆ ಫೋಟೋ ಕಳಿಸಬೇಕಲ್ಲ, ಅದನ್ನು ನಡೆಸುತ್ತಿದ್ದವಳು ಅವಳೇ. ವಿಶಲ್ ಊದಿದ ಕೂಡಲೇ ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ‘ಸೇರುವ ಸ್ಥಳ’ ಎಂದು ಬರೆದ ಹಸಿರು ಬೋರ್ಡಿನ ಹತ್ತಿರ ಬಂದು ನಿಲ್ಲಬೇಕು. ನಾನು ಬಂದು ತಲೆ ಎಣಿಸಬೇಕು. "ಫ್ಯಾಕ್ಟರೀಲಿ ಎಣಿಸಿ ಮುಗಿಯೋಗಂಟ ಯಾರೂ ಕದಲಂಗಿರ್ಲಿಲ್ಲ ಕಣಣ್ಣ" ಎಂದು ಹೇಳಿ ಆ ನಿಯಮ ತಂದವಳೂ ಅವಳೇ. ನಮ್ಮ ಅರ್ಮಾನ್, ಎರಡು ಮಕ್ಕಳ ತಂದೆ, ಕವಾಯತಿನ ಹೊತ್ತಿಗೆ ಸರಿಯಾಗಿ ಟೀ ಕುಡಿಯಲು ಹೋಗುತ್ತಿದ್ದ. "ಅಲ್ಲೋಗಿ ನಿಂತ್ಕೊಂಡ್ರೆ ಏನಕ್ಕಾ ಬರುತ್ತೆ?" ಎನ್ನುತ್ತಿದ್ದ. "ನಿನ್ ಹೆಂಡ್ತಿಗೆ ಗಂಡ ಬರ್ತಾನೆ, ಬಾರಪ್ಪ" ಎಂದು ಅವಳು ರೇಗಿಸಿ ಎಳೆದುಕೊಂಡು ಬರುತ್ತಿದ್ದಳು. ಕೊನೆಯಲ್ಲಿ ಟೀ, ಬಿಸ್ಕತ್ತು.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನೀವು ಮೊಹರು ಒತ್ತಿದ ನಕ್ಷೆಯಲ್ಲಿ ಅದು ಇರುವುದು ರಸ್ತೆಯ ಆಚೆ ಬದಿಯ ಖಾಲಿ ಜಾಗದಲ್ಲಿ. ಮೊದಲು ಅಲ್ಲಿಯೇ ನೆಟ್ಟಿದ್ದೆವು. ಆದರೆ ನಮ್ಮ ಊರಿನಲ್ಲಿ ರಸ್ತೆ ಬದಿಗೆ ಒಂದು ಕಂಬ ಸಿಕ್ಕರೆ ಜನ ಸುಮ್ಮನೆ ಬಿಡುತ್ತಾರೆಯೇ? ಮೊದಲು ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಆಮೇಲೆ ಸೈಟು ಮಾರಾಟದ ಚೀಟಿ. ಕಡಲೆಕಾಯಿ ಮಾರುವವರು ಕಂಬಕ್ಕೆ ಕೊಡೆ ಕಟ್ಟಿಕೊಂಡರು. ನಿಮ್ಮ ಕಚೇರಿಯಿಂದ ಪರಿಶೀಲನೆಗೆ ಬಂದವರು ಅದನ್ನು ನೋಡಿ, ‘ಫಲಕ ವಿರೂಪಗೊಂಡಿದೆ, ಏಳು ದಿನದೊಳಗೆ ಸರಿಪಡಿಸಿ ಫೋಟೋ ಸಲ್ಲಿಸತಕ್ಕದ್ದು’ ಎಂದು ನೋಟಿಸು ಕೊಟ್ಟರು. ತೊಳೆದೆವು. ಮತ್ತೆ ಫ್ಲೆಕ್ಸ್ ಬಂತು, ಮತ್ತೆ ನೋಟಿಸು ಬಂತು. ನನಗೆ ತಲೆ ಕೆಟ್ಟುಹೋಯಿತು. ಆವುಲಪ್ಪ ಎಂಬ ಗಾರೆ ಕೆಲಸದವರನ್ನು ಕರೆಸಿ, ಬೋರ್ಡನ್ನು ಕಿತ್ತು ತಂದು, ಬಂಕಿನ ಕಾಂಪೌಂಡಿನೊಳಗೆ ಹಿಂದಿನ ಮೂಲೆಯಲ್ಲಿ ಸಿಮೆಂಟು ಹಾಕಿ ನೆಡಿಸಿದೆ. ಆ ಮೂಲೆಗೆ ಯಾರೂ ಹೋಗುವುದಿಲ್ಲ. ನೆಲದೊಳಗಿನ ಟ್ಯಾಂಕುಗಳ ಆವಿ ಹೊರಗೆ ಹೋಗುವ ಕೊಳವೆಗಳು ಇರುವುದು ಅಲ್ಲಿ. ಮಳೆ ಬಂದರೆ ಬಂಕಿನ ನೀರೆಲ್ಲ ಹರಿದು ನಿಲ್ಲುವುದೂ ಅಲ್ಲಿಯೇ. ಮೂರು ಕಡೆ ಎಂಟು ಅಡಿ ಗೋಡೆ. ಬೋರ್ಡು ಕ್ಷೇಮವಾಗಿರುತ್ತದೆ ಎಂದುಕೊಂಡೆ. ಜನ ಕ್ಷೇಮವಾಗಿರುತ್ತಾರೆಯೇ ಎಂದು ನಾನು ಯೋಚಿಸಲಿಲ್ಲ. ಇದನ್ನು ಬರೆಯುವಾಗ ಏನಾದರೂ ಅನ್ನಿಸಬೇಕಿತ್ತು, ಅನ್ನಿಸುತ್ತಿಲ್ಲ. ಈಚೆಗೆ ನನಗೆ ಏನೂ ಆಗುವುದಿಲ್ಲ. ಊಟ ಮಾಡುತ್ತೇನೆ, ಉಪ್ಪು ಹಾಕಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಆದರೆ ನಾನು ಹತ್ತನೇ ತರಗತಿ ಓದಿದವನು. ನೀವು ಓದಿದವರಲ್ಲವೇ? ಬೋರ್ಡು ಮೂಲೆಗೆ ಬಂದ ಮೇಲೆ ನಿಮ್ಮವರು ಮೂರು ಸಲ ಪರಿಶೀಲನೆಗೆ ಬಂದರು. ‘ಸೇರುವ ಸ್ಥಳದ ಫಲಕ ಇದೆಯೇ?’ ಎಂಬ ಸಾಲಿನ ಮುಂದೆ ಮೂರು ಸಲವೂ ಸರಿ ಗುರುತು ಹಾಕಿದರು. ಎಲ್ಲಿದೆ ಎಂದು ಕೇಳುವ ಸಾಲು ನಿಮ್ಮ ನಮೂನೆಯಲ್ಲಿ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು. ಒಬ್ಬರಂತೂ ಆ ಕೊಳವೆಗಳಿಗೇ ಒರಗಿಕೊಂಡು ಫೋನಿನಲ್ಲಿ ಬೋರ್ಡಿನ ಫೋಟೋ ತೆಗೆದು, "ಈಗ ನೋಡ್ರಿ, ಎಷ್ಟು ನೀಟಾಗಿದೆ. ಮೊದ್ಲೇ ಹಿಂಗ್ ಮಾಡಿದ್ರೆ ಆಗ್ತಿರ್ಲಿಲ್ವಾ?" ಎಂದು ನನ್ನ ಬೆನ್ನು ತಟ್ಟಿದರು. ಆ ಫೋಟೋಗಳು ನಿಮ್ಮ ಕಡತದಲ್ಲಿಯೇ ಇವೆ, ದಿನಾಂಕದ ಸಮೇತ. ನಕ್ಷೆಯೂ ಅದೇ ಕಡತದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ವರದಿ ಬರೆದವರು ನಕ್ಷೆಯನ್ನು ಮಾತ್ರ ನೋಡಿದರು. ನಕ್ಷೆಯ ಪ್ರಕಾರ ಅವಳು ರಸ್ತೆ ದಾಟಬೇಕಿತ್ತು, ದಾಟಲಿಲ್ಲ, ಹಾಗಾಗಿ ತಪ್ಪು ಅವಳದು. ಸತ್ತವರ ಮೇಲೆ ತಪ್ಪು ಹೊರಿಸಿದರೆ ಮೇಲ್ಮನವಿ ಬರುವುದಿಲ್ಲ, ಕಡತ ಬೇಗ ಮುಗಿಯುತ್ತದೆ.

ಅಂದು ನಡೆದದ್ದು ಇಷ್ಟು. ಬೆಳಿಗ್ಗೆ ಹನ್ನೊಂದೂವರೆ. ಟ್ಯಾಂಕರ್ ಬಂದು ಪೆಟ್ರೋಲ್ ಇಳಿಸುತ್ತಿತ್ತು. ನಮ್ಮ ಕವಾಯತುಗಳನ್ನೆಲ್ಲ ಟ್ಯಾಂಕರ್ ಬಾರದ ದಿನ, ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಮಾಡುತ್ತಿದ್ದೆವು. ಟ್ಯಾಂಕರ್ ನಿಂತರೆ ಹಿಂದಿನ ಮೂಲೆ ರಸ್ತೆಗೆ ಕಾಣುವುದೇ ಇಲ್ಲ ಎಂಬುದು ಅಂದಿನವರೆಗೆ ನಮ್ಮ ತಲೆಗೆ ಹೊಳೆದಿರಲಿಲ್ಲ. ಇಳಿಸುವ ಪೈಪು ಕಳಚಿಕೊಂಡು ಪೆಟ್ರೋಲ್ ನೆಲದ ಮೇಲೆ ಹರಿಯಿತು. ಯಾರೋ ಕೂಗಿದರು. ಕಾಲು ಎಳೆದ ಕಡೆಗೆ ನಾವು ಓಡಿದೆವು, ಅಂದರೆ ರಸ್ತೆಗೆ. ಅರ್ಮಾನ್ ಎಲ್ಲರಿಗಿಂತ ಮೊದಲು. ನಾನೂ ಓಡಿದೆ. ಜ್ಯೋತಿಲಕ್ಷ್ಮಿ ಓಡಲಿಲ್ಲ. ಗೋಡೆಯ ಮೇಲಿನ ಕೆಂಪು ಸ್ವಿಚ್ಚು ಒತ್ತಿ ಎಲ್ಲ ಪಂಪುಗಳನ್ನೂ ನಿಲ್ಲಿಸಿದಳು. ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದ ಗಂಡ ಹೆಂಡಿರಿಬ್ಬರನ್ನು, ಗಾಡಿ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೋಗಿ ಎಂದು ರಸ್ತೆಗೆ ಕಳಿಸಿದಳು. ಅವರು ಬದುಕಿದ್ದಾರೆ, ಮೊನ್ನೆ ಬಂದು ಮಾತನಾಡಿಸಿ ಹೋದರು. ಆಮೇಲೆ ಅವಳು ವಿಶಲ್ ಊದುತ್ತಾ ಬೋರ್ಡಿನ ಹತ್ತಿರ ಹೋಗಿ ನಿಂತಳು. ಪೆಟ್ರೋಲ್ ಹರಿದು ಹೋದದ್ದೂ ಆ ಕಡೆಗೇ.

ಆ ಪಾಳಿಯಲ್ಲಿ ನನ್ನನ್ನು ಬಿಟ್ಟು ಆರು ಜನ. ರಸ್ತೆಯಲ್ಲಿ ನಿಂತು ಎಣಿಸಿದೆ, ಐದು. ಮತ್ತೆ ಎಣಿಸಿದೆ, ಐದೇ. "ಜ್ಯೋತಕ್ಕ ಎಲ್ಲಣ್ಣಾ?" ಎಂದು ಅರ್ಮಾನ್ ಕೇಳಿದ. ಅಷ್ಟರಲ್ಲಿ ಟ್ಯಾಂಕರಿನ ಹಿಂದೆ ಬೆಂಕಿ ಎದ್ದಿತು. ಕಿಡಿ ಎಲ್ಲಿಂದ ಬಂತೆಂದು ನಿಮ್ಮ ವರದಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕವಾಯತಿಗೆ ಬಾರದವನು ಬದುಕಿದ. ಕವಾಯತು ನಡೆಸಿದವಳು ಸುಟ್ಟುಹೋದಳು.

ತನಿಖೆಯಲ್ಲಿ ನಿಮ್ಮವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ‘ಫಲಕ ಇತ್ತೇ?’ ಇತ್ತು ಎಂದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದು ಮಾಲೀಕರು ಹೇಳಿದ್ದರು. ನನಗೂ ಅದೇ ಅನುಕೂಲವಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆ ಹೇಡಿತನದ ಮೇಲೆ ನಿಮ್ಮ ವಾಕ್ಯ ನಿಂತಿದೆ. ವರದಿ ಪತ್ರಿಕೆಯಲ್ಲಿ ಬಂದ ದಿನ ಅವಳ ತಾಯಿ ಅಕ್ಕಯಮ್ಮನವರು ಆ ಹಾಳೆ ಮಡಿಸಿಕೊಂಡು ಬಂಕಿಗೆ ಬಂದರು. "ಏಮಪ್ಪಾ ಚೆನ್ನರಾಯಪ್ಪ, ನಮ್ ಪಾಪ ಗೊತ್ತಿಲ್ದೆ ಬೆಂಕಿ ಕಡೀಕೆ ಓಡ್ತಂತೆ. ಅಷ್ಟು ಬುದ್ಧಿ ಇಲ್ದೋಳಾ ನನ್ ಮಗ್ಳು?" ಎಂದರು. ಬೈಯಲಿಲ್ಲ. ನಾನು ಅವರಿಗೆ ಕುರ್ಚಿ ಕೊಟ್ಟೆ, ನೀರು ಕೊಟ್ಟೆ.

ಘಟನೆಯಾದ ಮೇಲೆ ನಿಮ್ಮ ಕಚೇರಿ ಸುಮ್ಮನೆ ಕುಳಿತಿಲ್ಲ ಎಂಬುದೂ ತಿಳಿಯಿತು. ‘ಎಲ್ಲ ಬಂಕುಗಳೂ ಸೇರುವ ಸ್ಥಳದ ಫಲಕವನ್ನು ಸುಸ್ಥಿತಿಯಲ್ಲಿಟ್ಟು ಏಳು ದಿನದೊಳಗೆ ಫೋಟೋ ಸಲ್ಲಿಸತಕ್ಕದ್ದು’ ಎಂಬ ಸುತ್ತೋಲೆ ಹೊರಟಿದೆ. ಶಿಡ್ಲಘಟ್ಟದ ಒಂದು ಬಂಕಿನಲ್ಲಿ ನನ್ನ ಹಾಗೆಯೇ ಸೂಪರ್‌ವೈಸರ್ ಆಗಿರುವ ಯಾಸೀನ್ ಸಾಹೇಬರು ಫೋನು ಮಾಡಿ, "ನಾವೂ ನೋಟಿಸ್ ಕಾಟಕ್ಕೆ ಒಳಗೇ ನೆಟ್ಟಿದೀವಿ ಕಣಪ್ಪಾ, ಈಗ ಏನ್ ಮಾಡಣ?" ಎಂದು ಕೇಳಿದರು. ಚಿಂತಾಮಣಿ ಕಡೆ ಇನ್ನೂ ಎರಡು ಬಂಕುಗಳಲ್ಲಿ ಹೀಗೆಯೇ ಇದೆಯಂತೆ. ಅಲ್ಲಿಯೂ ಹೇಳಿದ ಮಾತು ಕೇಳುವ ಒಬ್ಬಳಾದರೂ ಇದ್ದೇ ಇರುತ್ತಾಳೆ. ಸುತ್ತೋಲೆ ಬರೆದವರು ಅವಳ ಬಗ್ಗೆ ಏನು ಯೋಚಿಸಿದ್ದೀರಿ?

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ಬಂಕುಗಳಿಗೆ ನೀವೇ ಬನ್ನಿ, ಟ್ಯಾಂಕರ್ ಇಳಿಸುವ ಹೊತ್ತಿಗೆ ಬನ್ನಿ, ಆ ಬೋರ್ಡಿನ ಹತ್ತಿರ ನಿಂತು ರಸ್ತೆ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಅಂದೇ ಕೀಳಿಸಿ. ಎರಡನೇ ಪುಟದ ಆ ವಾಕ್ಯವನ್ನು ಅಳಿಸಿ, ‘ಮೃತರು ತಮಗೆ ಕಲಿಸಿದಂತೆಯೇ ನಡೆದುಕೊಂಡರು, ಫಲಕವನ್ನು ಆ ಮೂಲೆಗೆ ತಂದವನು ಸೂಪರ್‌ವೈಸರ್, ಅದನ್ನು ಮೂರು ಸಲ ಒಪ್ಪಿದ್ದು ನಮ್ಮ ಕಚೇರಿ’ ಎಂದು ಬರೆದು, ಸಹಿ ಮಾಡಿ, ಅಕ್ಕಯಮ್ಮನವರ ಮನೆಗೆ ತಲುಪಿಸಿ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ. ನಾನು ಎಲ್ಲಿಗೂ ಹೋಗುವುದಿಲ್ಲ.

ಒಂದು ಮಾತು ಉಳಿದಿದೆ. ಸಾಯುವ ಮೊದಲು ಅವಳು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಮೂರನೇ ದಿನ ನನ್ನನ್ನು ಒಳಗೆ ಬಿಟ್ಟರು. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಧ್ವನಿ ಮಾತ್ರ ಅವಳದೇ.

"ಎಲ್ರೂ ಸಿಕ್ಕಿದ್ರಾ ಅಣ್ಣಾ?" ಎಂದಳು.

ಸಿಕ್ಕಿದರಮ್ಮ ಎಂದೆ.

"ನಾನು ಬೋರ್ಡ್ ಹತ್ರಾನೇ ಇದ್ದೆ. ನೀವು ಎಣ್ಸಕ್ಕೆ ಬರ್ಲೇ ಇಲ್ಲ."

ಇಂತಿ,
ಎಣಿಸಲು ಹೋಗದೆ ರಸ್ತೆಯಲ್ಲಿ ನಿಂತಿದ್ದ ಸೂಪರ್‌ವೈಸರ್,
ಚೆನ್ನರಾಯಪ್ಪ
ಗೌರಿಬಿದನೂರು