ಎಳೆದರೂ ಕೈಬಿಡದ ನಕಲು

ದಾವಣಗೆರೆ, ಫೆಬ್ರವರಿ ಮೂವತ್ತು, ೨೨೧೨

ಮುತ್ತಜ್ಜಿಯ ಮುತ್ತಜ್ಜಿಯಾದ ಅನಸೂಯಾ ಟೀಚರಿಗೆ ಚಂದ್ರಲಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮೇ ತಿಂಗಳ ಸೆಕೆ ತಡೆಯಲಾರದೆ ನಮ್ಮ ಕಾಲದವರು ಅದರಿಂದ ಒಂದೆರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ. ನೀವಿನ್ನೂ ಮೂವತ್ತು ದಾಟಿಲ್ಲ, ಮದುವೆಯೂ ಆಗಿಲ್ಲ. ಅಂಥವರನ್ನು ಅಜ್ಜಿ ಎಂದಿದ್ದಕ್ಕೆ ಕ್ಷಮೆ ಇರಲಿ. ನನ್ನ ಮಾತಿನಲ್ಲಿ ತಿಳಿಯದ ಪದ ಸಿಕ್ಕರೆ ಅದಕ್ಕೂ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾಳೆ ನೀವು ಒಂಬತ್ತನೇ ತರಗತಿಗೆ ಕಂಪ್ಯೂಟರಿನಲ್ಲಿ ಉದ್ದವನ್ನೂ ಕೋನವನ್ನೂ ನಕಲಿಸುವ ಪಾಠ ಮಾಡಬೇಕು. ಪೋರ್ಷನ್ ಮುಗಿದಿಲ್ಲವೆಂದು ಅದನ್ನು ಬಿಟ್ಟುಬಿಡಲು ಯೋಚಿಸಿದಿರಿ ಎಂದು ನಮ್ಮ ಮನೆತನದಲ್ಲಿ ಹೇಳುತ್ತ ಬಂದಿದ್ದಾರೆ. ದಯವಿಟ್ಟು ಬಿಡಬೇಡಿ. ಯಾಕೆಂದು ಹೇಳುತ್ತೇನೆ.

ನಮ್ಮ ಕೇರಿಯಲ್ಲಿ ಪ್ರತಿ ಮನೆಗೂ ಒಂದು ನೆರಳುರೆಕ್ಕೆ ಇದೆ, ಎಂದರೆ ಗೋಡೆಯಿಂದ ಬೀದಿಯ ಮೇಲೆ ಓರೆಯಾಗಿ ಚಾಚುವ ಚಪ್ಪರ. ಮೊದಲ ಮನೆಯ ಪಂಪವ್ವಜ್ಜಿ ಬೆಳಿಗ್ಗೆ ಎದ್ದು, ತನ್ನ ಗೋಡೆಯ ಹಲಗೆಯ ಮೇಲಿನ ಚಿತ್ರದಲ್ಲಿ ರೆಕ್ಕೆಯ ತುದಿಯನ್ನು ಬೆರಳಿನಿಂದ ಎಳೆಯುತ್ತಾಳೆ. ಹಲಗೆಯಲ್ಲಿ ಬರೆದದ್ದನ್ನೇ ಮನೆ ಮಾಡುತ್ತದೆ. ನಿಮ್ಮ ಲ್ಯಾಬಿನಲ್ಲಿ ಬಿಂದು ಹಿಡಿದು ಎಳೆದರೆ ಚಿತ್ರವೆಲ್ಲ ಕದಲುತ್ತದಲ್ಲ, ಅದೇ ಸಾಫ್ಟ್‌ವೇರಿನ ಮೊಮ್ಮಗ ಇದು. ಬಿಸಿಲಿಗೆ ತಕ್ಕಂತೆ ಅಜ್ಜಿಯ ರೆಕ್ಕೆ ಚಾಚಿ, ಏರಿ, ಇಳಿದಂತೆ ಉಳಿದ ಮನೆಗಳ ರೆಕ್ಕೆಗಳೂ ಅಷ್ಟೇ ಉದ್ದಕ್ಕೆ, ಅಷ್ಟೇ ಕೋನಕ್ಕೆ ಹೊರಳುತ್ತವೆ. ಇಡೀ ಬೀದಿಗೆ ಒಂದೇ ನೆರಳು. ಅದರಡಿ ಮಕ್ಕಳು ಗೋಲಿ ಆಡುತ್ತಾರೆ, ಸಂಜೆ ಮಂಡಕ್ಕಿ ಗಾಡಿ ನಿಲ್ಲುತ್ತದೆ. ಹಪ್ಪಳ ಒಣಗಿಸುವವರು ಮಾತ್ರ ಗೊಣಗುತ್ತ ಹಿತ್ತಲಿಗೆ ಹೋಗುತ್ತಾರೆ.

ಹೊಸಬರು ಮನೆ ಕಟ್ಟಿದರೆ ಎಳೆಹಬ್ಬ ನಡೆಯುತ್ತದೆ. ಅಜ್ಜಿ ಎಳೆದಾಗ ಹೊಸ ರೆಕ್ಕೆ ಜೊತೆಗೆ ಬಂದರೆ ಮನೆ ಕೇರಿಯದು. ಅಜ್ಜಿಯ ಕಾಫಿ ಮುಗಿಯುವುದರೊಳಗೆ ಬಾರದಿದ್ದರೆ ಜಾಗ ಬೇರೆಯವರ ಪಾಲು. ಹೋದ ತಿಂಗಳು ನನ್ನ ಪಕ್ಕದ ಜಾಗ ತಂಗಿ ಮಂದಾಕಿನಿಗೆ ಸಿಕ್ಕಿತು. ಮದುವೆಯಾದಾಗಿನಿಂದ ಅವಳು ಊರಿನ ಆ ತುದಿ, ನಾನು ಈ ತುದಿ. ಅವಳು ಬರಲೆಂದು ಎಷ್ಟು ಆಸೆಪಟ್ಟಿದ್ದೆ ಎಂದರೆ, ಹಬ್ಬಕ್ಕೆ ಮೊದಲೇ ನನ್ನ ಅಡುಗೆಮನೆಗೆ ಅವಳ ಕಡೆಗೊಂದು ಕಿಟಕಿ ಇಡಿಸಿಬಿಟ್ಟಿದ್ದೆ.

ಹೊಸ ಮನೆಯ ಹಲಗೆಯಲ್ಲಿ ರೆಕ್ಕೆಯ ಚಿತ್ರ ಬರೆದವನು ಅವಳ ಗಂಡ ರುದ್ರಮುನಿ. ಒಳ್ಳೆಯವನೇ, ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ಅಜ್ಜಿಯ ರೆಕ್ಕೆಯ ಉದ್ದವನ್ನೂ ಕೋನವನ್ನೂ ಅಳೆದು, ಆ ಅಂಕಿಗಳನ್ನೇ ತನ್ನ ಹಲಗೆಗೆ ಟೈಪ್ ಮಾಡಿದ. "ನೋಡ್ರಿ ಅಜ್ಜಿ, ಕೂದಲೆಳಿಯಷ್ಟೂ ಫರಕಿಲ್ಲ" ಎಂದು ಮೀಸೆ ತಿರುವಿದ.

"ಅದೆಲ್ಲ ಸರಿ ತಮ್ಮಾ, ಎಳದ್ ನೋಡಾಣ ತಡಿ" ಎಂದಳು ಅಜ್ಜಿ.

ಎಳೆದಳು. ಬೀದಿಯ ರೆಕ್ಕೆಗಳೆಲ್ಲ ಮೇಲೇರಿದವು, ರುದ್ರಮುನಿಯದು ಇದ್ದಲ್ಲೇ ಇತ್ತು. ಸಂದಿಯಿಂದ ನುಗ್ಗಿದ ಬಿಸಿಲು ನೇರವಾಗಿ ಅವನ ಬೋಳುತಲೆಗೇ ಬಿತ್ತು. ಕೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಅಳು ಬಂತು. ಅವನು ಮತ್ತೆ ಅಳೆದು ಹೊಸ ಅಂಕಿ ಹೊಡೆಯುವಷ್ಟರಲ್ಲಿ ಅಜ್ಜಿ ಕೆಳಗೆ ಎಳೆದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಜ್ಜಿಯ ಲೋಟದ ತಳ ಕಾಣತೊಡಗಿತ್ತು.

ಆಗ ಮಂದಾಕಿನಿ ಗಂಡನನ್ನು ಪಕ್ಕಕ್ಕೆ ಸರಿಸಿದಳು. "ಅಂಕಿ ಬಿಡ್ರಿ. ಅದು ಆಗ ಎಷ್ಟಿತ್ತು ಅಂತ ಹೇಳ್ತೈತಿ, ಈಗ ಎಷ್ಟೈತಿ ಅಂತ ಹೇಳಂಗಿಲ್ಲ" ಎಂದು ಹಲಗೆಯ ಕೈವಾರ ತೆಗೆದುಕೊಂಡಳು. ಪ್ರತಿ ಮನೆಯ ಹಲಗೆಯಲ್ಲೂ ಕಾಣುವ ಅಜ್ಜಿಯ ಚಿತ್ರದಲ್ಲಿ ಗೋಡೆಯೂ ರೆಕ್ಕೆಯೂ ಸೇರುವ ಮೂಲೆಗೆ ಮೊನೆಯಿಟ್ಟು, ಎರಡನ್ನೂ ಕತ್ತರಿಸುವ, ಬಿಲ್ಲಿನಂತೆ ಬಾಗಿದ ಒಂದು ಕಂಸ ಎಳೆದಳು. ಅದೇ ಕಂಸವನ್ನು ತನ್ನ ಮೂಲೆಯಲ್ಲೂ ಎಳೆದಳು. ಅಜ್ಜಿಯ ಚಿತ್ರದಲ್ಲಿ ಕಂಸ ಕತ್ತರಿಸಿದ ಎರಡು ಬಿಂದುಗಳ ಅಂತರವನ್ನು ಕೈವಾರದಲ್ಲೇ ಹಿಡಿದು ತಂದು, ತನ್ನ ಗೋಡೆಯ ಬಿಂದುವಿನಿಂದ ಕಂಸದ ಮೇಲೆ ಗುರುತು ಹಾಕಿದಳು. ಮೂಲೆಯಿಂದ ಆ ಗುರುತಿನ ಮೂಲಕ ಗೆರೆ. ಗೆರೆಯ ಮೇಲೆ ಅಜ್ಜಿಯ ರೆಕ್ಕೆಯ ಉದ್ದ, ಅದೂ ಕೈವಾರದಿಂದಲೇ. ಒಂದು ಅಂಕಿಯನ್ನೂ ಮುಟ್ಟಲಿಲ್ಲ. ಕೈವಾರದಿಂದ ತಂದ ಅಳತೆ ಮೂಲಕ್ಕೇ ಕಟ್ಟಿಕೊಂಡಿರುತ್ತದೆ, ಅದು ಕದಲಿದರೆ ಇದೂ ಕದಲುತ್ತದೆ. ಇದನ್ನು ನಮಗೆ ಕಲಿಸಿದ್ದು ಅಮ್ಮ, ಅಮ್ಮನಿಗೆ ಅವಳಮ್ಮ. ಹಾಗೇ ಹಿಂದಕ್ಕೆ ಹೋಗುತ್ತ ಹೋದರೆ ನಿಮ್ಮ ಲ್ಯಾಬಿನ ಬಾಗಿಲು ಸಿಗುತ್ತದೆ.

ಅಜ್ಜಿ ಕೊನೆಯ ಗುಟುಕು ಬಾಯಲ್ಲಿಟ್ಟುಕೊಂಡೇ ಎಳೆದಳು. ತಂಗಿಯ ರೆಕ್ಕೆ ಎದ್ದಿತು, ಚಾಚಿತು, ನನ್ನದರ ಪಕ್ಕ ಬಂದು ತಾಗಿ ನಿಂತಿತು. ರುದ್ರಮುನಿಯ ತಲೆಗೂ ನೆರಳಾಯಿತು. ನಾನು ತಂಗಿಯನ್ನು ತಬ್ಬಿಕೊಂಡು ಬೀದಿಯಲ್ಲೇ ಕುಣಿದೆ.

ನಾಳೆ ನಿಮ್ಮ ಅರ್ಧ ತರಗತಿ ಅಂಕಿ ಟೈಪ್ ಮಾಡಿ "ಮುಗೀತು ಮಿಸ್" ಎನ್ನುತ್ತದೆ. ಬೈಯಬೇಡಿ. ಮೂಲ ಚಿತ್ರದ ಒಂದು ಬಿಂದುವನ್ನು ಹಿಡಿದು ಎಳೆದು ತೋರಿಸಿ, ಉಳಿದದ್ದನ್ನು ಅವರೇ ಕೇಳುತ್ತಾರೆ. ಇಷ್ಟು ಬರೆಯುವಾಗಲೇ ಮಂದಾಕಿನಿ ಕಿಟಕಿಯಿಂದ ಸಾರಿನ ಬಟ್ಟಲು ಚಾಚಿ, "ಅಕ್ಕಾ, ಬರಿಯೋದು ಸಾಕು, ಆರಿ ಹೋಗ್ತೈತಿ" ಎನ್ನುತ್ತಿದ್ದಾಳೆ. ಪೋರ್ಷನ್ನು ಹೇಗೋ ಮುಗಿಯುತ್ತದೆ, ಟೀಚರ್. ಆ ಒಂದು ಪೀರಿಯಡ್ ತಪ್ಪಿದರೆ ಈ ಕಿಟಕಿಯ ಆಚೆ ಇನ್ಯಾರೋ ಇರುತ್ತಾರೆ.

ನಿಮ್ಮ ಮರಿಮಗಳ ಮರಿಮಗಳು,
ಚಂದ್ರಲಾ