ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ

ಜನವರಿ 7, ಮಂಗಳವಾರ

ಇವತ್ತೂ ಇವರಿಗೆ ಬಾಗಿಲಲ್ಲೇ ತಡೆ. ಅಂಗಡಿಯಿಂದ ಬಂದವರು ಹಿತ್ತಿಲಿಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಅತ್ತೆಯ ಕಾನೂನು. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಕೆಲಸ ನನ್ನವರದು. ದಿನವಿಡೀ ಫೋನುಗಳ ನಡುವೆ ಕೂತವರ ಮೈಗೆ ಕಿರಣ ಅಂಟಿರುತ್ತದಂತೆ. ವಾಟ್ಸಾಪಿನಲ್ಲಿ ಯಾರೋ ಹೇಳಿದ್ದನ್ನು ಅತ್ತೆ ಕೇಳಿದ್ದಾರೆ.

"ಯವ್ವಾ, ಕಿರಣ ಅಂದ್ರ ಸಗಣಿ ಏನು, ತೊಳದ್ರ ಹೋಗಾಕ?"

"ಸುಮ್ನಿರೋ ಮಗನ. ಕಟಿಂಗ್ ಮಾಡಿಸ್ಕೊಂಡು ಬಂದ್ರ ಜಳಕ ಮಾಡಂಗಿಲ್ಲೇನು? ಹಂಗ ಇದೂ."

ತಣ್ಣೀರಿಗೆ ಇವರ ಹಲ್ಲು ಕಟಕಟ. ಫೋನು ಕೊಟ್ಟಿಗೆಯ ಗೂಡಿನಲ್ಲಿ. ಪಾಪ... ನನಗೆ ನಗು. ಅತ್ತೆಯೂ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನನಗೆ ಎರಡು ತಿಂಗಳು ಕಳೆದವು. ಮನೆಯ ಮೂವರು, ಹೆರಿಗೆಯ ಪರಿಮಳಾ ಡಾಕ್ಟರು — ಇಷ್ಟೇ ಜನಕ್ಕೆ ಗೊತ್ತು. ಹೋದ ವರ್ಷ ಮೊದಲೇ ಎಲ್ಲರಿಗೂ ಹೇಳಿದ್ದೆವು. ಉಳಿಯಲಿಲ್ಲ. ಕಣ್ಣು ಬಿತ್ತು ಅನ್ನುತ್ತಾರೆ ಅತ್ತೆ. ಈ ಸಲ ಮೂರು ತಿಂಗಳು ತುಂಬುವವರೆಗೆ ತುಟಿ ಬಿಚ್ಚುವಂತಿಲ್ಲ. ನನಗೇನು, ಹೇಳು ಅಂದರೂ ನಾಲಿಗೆ ಏಳುವುದಿಲ್ಲ.

ಜನವರಿ 12, ಭಾನುವಾರ

ಕೊಟ್ಟಿಗೆಯ ಕಲ್ಲು ಜಾರಿತು. ಎಡಗೈ ಊರಿದೆ. ಹೊಟ್ಟೆಗೆ ಪೆಟ್ಟಿಲ್ಲ. ಮಣಿಕಟ್ಟು ಬಾತಿದೆ. ಅತ್ತೆ ಅರಿಸಿನ ಬಿಸಿ ಮಾಡಿ ಹಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 13, ಸೋಮವಾರ, ಸಂಜೆ

ಮೊದಲ ಬಸ್ಸಿಗೆ ಶಿರಸಿ. ಅತ್ತೆ, ನಾನು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಅಂದರು. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಯಾರು? ನಮ್ಮೂರ ಶಾರದವ್ವ! ಮೊಣಕಾಲು ತೋರಿಸಲು ಬಂದವಳು. ಅವಳಿಗೆ ತಿಳಿದರೆ ಸಂಜೆಯೊಳಗೆ ಹಾಲಿನ ಡೇರಿಗೆ ತಿಳಿಯುತ್ತದೆ.

ಎಕ್ಸ್‌ರೇ ತೆಗೆಯುವ ಸುಹಾಸ ಅನ್ನುವವರು ಬಾಗಿಲಲ್ಲಿ ನಿಂತೇ ಕೇಳಿದರು. "ಅಕ್ಕಾ, ಬಸುರಿ ಎಂತಾದ್ರೂ ಇದ್ದೀರಾ? ಇದ್ರೆ ಈಗ್ಲೇ ಹೇಳಿ."

ನಾನು ತಲೆ ಎತ್ತುವುದರೊಳಗೆ ಅತ್ತೆ — "ಇಲ್ಲಿಲ್ಲ! ಅಂಥಾದ್ದೇನೂ ಇಲ್ರೀ. ತಗೀರಿ ನೀವು." ಒಂದು ಕಣ್ಣು ಶಾರದವ್ವನ ಕಡೆ.

ಫೋನಿಗೆ ಅಷ್ಟು ಹೆದರುವವರು... ಎಕ್ಸ್‌ರೇ ಅಂದರೆ ಅವರಿಗೆ ಬರೀ ಫೋಟೋ. ಆಧಾರ್ ಕಾರ್ಡಿಗೆ ತೆಗೆಯುತ್ತಾರಲ್ಲ, ಹಾಗೆ.

ಬಾಗಿಲ ಮೇಲೆ ಬೋರ್ಡು. ನಾಲ್ಕನೇ ಇಯತ್ತೆಯವರೆಗೆ ಹೋದವಳು ನಾನು. ನಿಧಾನವಾಗಿ ಓದಿದೆ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಇನ್ನೊಮ್ಮೆ ಓದಿದೆ. ಗಂಡಸರ ಮುಂದೆ, ಶಾರದವ್ವನ ಮುಂದೆ, ಅತ್ತೆಯ ಮಾತು ಮೀರಿ... ಸುಮ್ಮನಿದ್ದರೆ? ಇದೂ ಹೋದರೆ?

ಬೋರ್ಡಿನ ಮೊದಲ ಪದದ ಮೇಲೆ ಬೆರಳಿಟ್ಟೆ. ಆಮೇಲೆ "ನಾನು" ಅಂದೆ. ಅಷ್ಟೇ.

ಸುಹಾಸರು ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಕ್ಕಾ." ಹೋಗಿ ಡಾಕ್ಟರನ್ನು ಕೇಳಿ ಬಂದರು. ಸೀಸ ತುಂಬಿದ ಭಾರದ ಅಂಗಿಯನ್ನು ಹೊಟ್ಟೆಗೆ ಮುಚ್ಚಿದರು. ಕೈ ಮಾತ್ರ ಮೇಜಿನ ಮೇಲೆ. ಟಕ್. ಮುಗಿಯಿತು. ಸಣ್ಣ ಬಿರುಕು. ಪಟ್ಟಿ ಹಾಕಿದ್ದಾರೆ.

ಹೊರಗೆ ಶಾರದವ್ವ — "ಏ ದ್ಯಾವಮ್ಮಾ, ನನ್ನ ಹತ್ರನೂ ಮುಚ್ಚಿಟ್ಟಿಯಲ್ಲ, ಕಳ್ಳಿ!" ಅತ್ತೆಯ ಮುಖ ಕಪ್ಪಿಟ್ಟಿತು.

ಅಲ್ಲಿಂದ ನೇರ ಪರಿಮಳಾ ಡಾಕ್ಟರ ಹತ್ತಿರ. ಅತ್ತೆಯದೇ ಅವಸರ. "ಫೋಟೋ ತಗಿಯಾಕ ಅಷ್ಟು ಭಾರದ್ದು ಯಾಕ ಹೊದಿಸಿದ್ರು? ಇದರ ಕಿರಣ ಜೋರೋ, ಫೋನಿಂದು ಜೋರೋ?"

"ಎಕ್ಸ್‌ರೇದು ಜೋರು ದ್ಯಾವಮ್ಮ. ಮೈಯೊಳಗೆ ಹೊಕ್ಕು ಪೆಟ್ಟು ಕೊಡೋ ಶಕ್ತಿ ಅದಕ್ಕಿದೆ. ಅದಕ್ಕೇ ಕೇಳಿ, ಬೇಕಾದಷ್ಟೇ ತೆಗೆಯೋದು. ಫೋನಿಂದು, ಬಲ್ಬಿನ ಬೆಳಕು — ಅವಕ್ಕೆ ಅಷ್ಟು ಕಸುವಿಲ್ಲ."

"ಹಂಗಾರ ಕೂಸು...?"

"ಕೈಯದು ತೆಗೆದ್ರೆ ಹೊಟ್ಟೆಗೆ ಮುಟ್ಟೋದು ಎಂತದೂ ಇಲ್ಲ ಅಂದ್ರೂ ಸೈ. ಹೆದರಬೇಡಿ. ಮತ್ತೆ, ಹೋದ ವರ್ಷದ್ದು ಯಾರ ಕಣ್ಣೂ ಅಲ್ಲ, ಯಾರ ಫೋನೂ ಅಲ್ಲ. ಕೆಲವು ಸಲ ಹಾಗಾಗ್ತದೆ."

"ಹಂಗಾರ ನನ್ನ ಮಗನ ಜಳಕ?"

"ಮಾಡ್ಲಿ ಬಿಡಿ, ಒಳ್ಳೇದೇ. ಬಿಸಿನೀರಾದ್ರೂ ಕೊಡಿ!"

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಅರ್ಧ ದಾರಿಗೆ — "ಇಲ್ಲ ಅಂದೆನಲ್ಲ ನಾನು..." ಅಷ್ಟು ಹೇಳಿ, ಪಟ್ಟಿ ಹಾಕಿದ ಕೈಯನ್ನು ತಮ್ಮ ಮಡಿಲಿಗೆ ಎತ್ತಿಕೊಂಡರು. ಊರು ಬರುವವರೆಗೂ ಅಲ್ಲೇ ಇತ್ತು.

ಜನವರಿ 14, ಸಂಕ್ರಾಂತಿ

ಎಳ್ಳುಬೆಲ್ಲ ಬೀರುವ ನೆಪದಲ್ಲಿ ಓಣಿಗೆ ಓಣಿಯೇ ಬಂತು. ಜೊತೆಗೆ ಮಿಡಿ ಉಪ್ಪಿನಕಾಯಿ, ಹುಣಸೆ ತೊಕ್ಕು, ಬಿಸಿ ರೊಟ್ಟಿ. ಅತ್ತೆ ಮೊದಲು ಮುಖ ಗಂಟು ಹಾಕಿ ನಿಂತರು. ಪಕ್ಕದ ಮನೆಯ ಮುದುಕಿ ಪಾರ್ವತವ್ವ ಬಿಡಬೇಕಲ್ಲ. "ಕಣ್ಣು ಹಾಕಾಕ ಬಂದಿಲ್ಲವಾ. ಹೋದ ಸಲ ಅಳಾಕ ಬಂದಿದ್ದಿವಿ. ಈ ಸಲ ನಗಾಕ ಬ್ಯಾಡೇನು?"

ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎಲ್ಲರಿಗೂ ಚಹಾ, ಮೂಗು ಕೆಂಪು.

ಫೆಬ್ರುವರಿ 5, ಬುಧವಾರ

ಸ್ಕ್ಯಾನಿಂಗ್. ಇವರು ಅಂಗಡಿಗೆ ರಜೆ ಹಾಕಿದರು. ಮೂವರೂ ಹೋದೆವು. ಕೌಂಟರಿನಲ್ಲಿ ಹೆಸರು ಕೇಳುವ ಮೊದಲೇ ಅತ್ತೆ ದೊಡ್ಡ ದನಿಯಲ್ಲಿ — "ಮೊದ್ಲ ಹೇಳ್ತೀನ್ರೀ, ನನ್ನ ಸೊಸಿ ಬಸರಿ ಅದಾಳ!"

ಹಾಲೆಲ್ಲ ನಕ್ಕಿತು. ಇವರು ಗೋಡೆಯ ಕಡೆ ತಿರುಗಿದರು.

"ಅಮ್ಮಾ, ಇಲ್ಲಿ ಕೂತವ್ರೆಲ್ಲ ಬಸುರೀನೇ" ಅಂದಳು ಕೌಂಟರಿನ ಹುಡುಗಿ.

"ಇರ್ಲಿ ಬಿಡ್ರೀ. ನಮ್ದು ನಾವು ಹೇಳಬೇಕಲ್ಲ."

ಇದರಲ್ಲಿ ಕಿರಣವೇ ಇಲ್ಲ, ಬರೀ ಸದ್ದು, ನಮಗೆ ಕೇಳಿಸದ ಸದ್ದು ಅಂದರು ಡಾಕ್ಟರು. ಪರದೆಯ ಮೇಲೆ ಬೂದು ಹೊಗೆಯಂಥದ್ದು. ಹುಡುಕಿದರು... ಇನ್ನೂ ಹುಡುಕಿದರು. ಆಮೇಲೆ ಒಂದು ಚುಕ್ಕೆ. ಪಟಪಟ ಮಿಡಿಯುತ್ತಿತ್ತು. "ಹೃದಯ. ಚೆನ್ನಾಗಿದೆ" ಅಂದರು.

ಅತ್ತೆ ಪರದೆಯ ಹತ್ತಿರಕ್ಕೆ ಬಾಗಿದರು. ಯಾರಿಗೂ ಕೇಳಿಸದು ಅಂದುಕೊಂಡು ಮೆಲ್ಲಗೆ ಕೇಳಿದರು — "ಏ ಕೂಸ... ಅವತ್ತ ನಾ ಇಲ್ಲ ಅಂದಿದ್ದು ನಿನಗ ಕೇಳ್ಸಿಲ್ಲ, ಹೌದಿಲ್ಲ?"

ನಗಬೇಕು ಅಂತ ಬಾಯಿ ತೆರೆದೆ. ಆದರೆ ಹೊರಗೆ ಬಂದದ್ದು ಮಾತು — "ಇಲ್ಲ ಅತ್ತಿ, ಅದಕ್ಕ ನನ್ನ ಮಾತಷ್ಟ ಕೇಳ್ಸೇತಿ."